ನೀರು ಹೆಚ್ಚಾದ ಬೇಸಿಗೆ

ಮೀರಾಬಾಯಿಗೆ ಬಿಸಿಲು ಬೇಡವೆಂದು ಡಾಕ್ಟರರು ಹೇಳುವ ಹೊತ್ತಿಗೆ ಅವಳ ಅರ್ಧ ಆಯುಷ್ಯ ಬಿಸಿಲಿನಲ್ಲೇ ಕಳೆದಿತ್ತು. ವಿಜಯಪುರದ ಕಡೆಯಿಂದ ಗಂಡ ರೂಪಲಪ್ಪನ ಜೊತೆ ಗೋವಾದ ಕಲಂಗುಟ್‌ಗೆ ಬಂದವಳು, ಕಸೂತಿ ಚೀಲ, ಮಣಿಸರ, ಕಾಲ್ಗೆಜ್ಜೆಗಳನ್ನು ಹೆಗಲಿಗೆ ಹಾಕಿಕೊಂಡು ಸಮುದ್ರದ ದಂಡೆಯುದ್ದಕ್ಕೂ ನಡೆದು ಮಾರುತ್ತಿದ್ದಳು. ಮೊದಲು ಕೆನ್ನೆಯ ಮೇಲೆ ಕೆಂಪು ಕಲೆ ಎದ್ದಿತು. ಆಮೇಲೆ ಬೆರಳ ಗೆಣ್ಣುಗಳು ಬಾತವು. ಕೊನೆಗೆ ಬೆಳಿಗ್ಗೆ ಎದ್ದು ಕೂರುವುದೇ ಒಂದು ದೊಡ್ಡ ಕೆಲಸವಾಯಿತು. ದೊಡ್ಡಾಸ್ಪತ್ರೆಯಲ್ಲಿ ಲೂಪಸ್ ಅಂದರು. ಮೈ ಕಾಯಬೇಕಾದ ಶಕ್ತಿಯೇ ಮೈಯನ್ನು ಕಚ್ಚುವ ರೋಗ, ವಾಸಿಯಾಗುವುದಿಲ್ಲ, ಹದ್ದುಬಸ್ತಿನಲ್ಲಿಡಬಹುದು. ಮಾತ್ರೆ ತಪ್ಪಿಸಬಾರದು, ದಣಿಯಬಾರದು, ಬಿಸಿಲಿಗೆ ಬೀಳಬಾರದು.

ಅವಳು ವಾದ ಮಾಡಲಿಲ್ಲ. ಉಳಿದ ಮಾಲನ್ನೆಲ್ಲ ತನ್ನ ಜೊತೆ ದಂಡೆಯಲ್ಲಿ ಮಾರುತ್ತಿದ್ದ ಧಾಮಿಬಾಯಿಗೆ ಕೊಟ್ಟು ಮನೆಯಲ್ಲಿ ಕೂತಳು.

ಮನೆಯೆಂದರೆ ಒಬ್ಬ ಕ್ರಿಶ್ಚಿಯನ್ ಬಾಯಿಯ ಹಿತ್ತಿಲಲ್ಲಿದ್ದ ಬಾಡಿಗೆ ಕೋಣೆ. ಬಾಗಿಲಿನಿಂದ ಕೆಂಪುಕಲ್ಲಿನ ಕಾಂಪೌಂಡಿನ ತನಕ ಒಂದಿಷ್ಟು ಜಾಗವಿತ್ತು. ಮೊದಲ ವರ್ಷ ಅಲ್ಲಿ ಗುಲಾಬಿ, ಮಲ್ಲಿಗೆ ಹಚ್ಚಿದಳು. ಗುಲಾಬಿಗೆ ಹುಳ ಬಿತ್ತು. ಮಲ್ಲಿಗೆ ಎರಡು ಹೊತ್ತು ನೀರು ಬೇಡಿತು. ಮೈ ಚೆನ್ನಾಗಿದ್ದ ದಿನ ಅವಳು ಎರಡನ್ನೂ ನೋಡಿಕೊಂಡಳು. ಚೆನ್ನಾಗಿಲ್ಲದ ದಿನಗಳೇ ಹೆಚ್ಚಾದಾಗ ಅವು ಒಣಗಿದವು. ಏಪ್ರಿಲ್ ಮುಗಿಯುವಷ್ಟರಲ್ಲಿ ಕಡ್ಡಿಗಳಷ್ಟೇ ಉಳಿದಿದ್ದವು. ಕಿತ್ತು ಗೋಡೆಯಾಚೆ ಎಸೆದಳು.

ಮರುವರ್ಷ ಚಳಿ ಕಡಿಮೆಯಾದಾಗ ಮತ್ತೆ ಆ ಜಾಗದ ಮೇಲೆ ಕಣ್ಣು ಬಿತ್ತು. ಈ ಸಲ ಅವಸರ ಮಾಡಲಿಲ್ಲ. ಎಷ್ಟು ಹೊರಲಾದೀತು ಎಂದು ತೂಗಿ ನೋಡಿಯೇ ಚೀಲ ತುಂಬಿಕೊಂಡವಳು ಅವಳು. ಹೂವನ್ನೂ ಹಾಗೆಯೇ ಆರಿಸಬೇಕು ಅಂದುಕೊಂಡಳು. ತಾನು ನಾಲ್ಕು ದಿನ ಮಲಗಿದರೆ ಸಾಯುವಂಥದ್ದು ಬೇಡ. ಕತ್ತರಿ ಹಿಡಿದು ಸವರಬೇಕಾದದ್ದೂ ಬೇಡ, ಅವಳ ಬೆರಳು ಕತ್ತರಿಗೆ ಬಗ್ಗುತ್ತಿರಲಿಲ್ಲ. ಆಸ್ಪತ್ರೆಗೆ ಹೋಗಿಬರುವಾಗ ಬಸ್ಸಿನ ಕಿಟಕಿಯಿಂದ ಯಾರೂ ನೋಡಿಕೊಳ್ಳದ ಹೂಗಳನ್ನೇ ನೋಡುತ್ತ ಕೂತಳು. ಒಂದು ಕಡೆ ಗಟಾರದ ಬಿರುಕಿನಲ್ಲಿ ಸದಾಪುಷ್ಪ ನಿಂತಿತ್ತು, ಮೈತುಂಬ ಹೂ. ಅವಳಿಗೆ ಅದು ಸರಿಯೆನಿಸಿತು.

ಶುಕ್ರವಾರದ ಮಾಪ್ಸಾ ಬಜಾರಿನಿಂದ ರೂಪಲಪ್ಪ ಸದಾಪುಷ್ಪದ ಸಸಿಗಳನ್ನು ತಂದ. ಹತ್ತು ಗಂಟೆ ಹೂವೆನ್ನುವ ಟೇಬಲ್ ರೋಸಿನ ಮುರಿದ ಎಳೆಗಳನ್ನೂ ಸಂಜೆಮಲ್ಲಿಗೆಯ ಕರಿ ಬೀಜಗಳನ್ನೂ ಮನೆಯೊಡತಿ ಬಾಯಿಯೇ ಕೊಟ್ಟಳು. ಸಂಜೆಮಲ್ಲಿಗೆಯನ್ನು ನೆಲಕ್ಕೆ ಹಚ್ಚಿ, ಉಳಿದವನ್ನು ಬಣ್ಣದ ಖಾಲಿ ಡಬ್ಬಿಗಳಿಗೆ ಹಾಕಿ, ಬಗ್ಗುವ ಕೆಲಸ ಬೇಡವೆಂದು ಎತ್ತರದ ಕಲ್ಲುಗಳ ಮೇಲೆ ಸಾಲಾಗಿ ಇರಿಸಿದರು.

ಸಂಜೆ ದಂಡೆಯಿಂದ ಬಂದ ಧಾಮಿಬಾಯಿಗೆ ಅದು ಹಿಡಿಸಲಿಲ್ಲ.

"ಇದನ್ಯಾಕ ತಂದೀ? ಇದು ಸುಡಗಾಡ್ದಾಗ ಬೆಳಿಯು ಹೂವ. ಮನಿ ಮುಂದ ಹಚ್ಚತಾರೇನು?"

"ಸುಡಗಾಡ್ದಾಗ ಅದಕ್ಕ ಯಾರು ನೀರ ಹಾಕ್ತಾರಕ್ಕಾ?"

"ಯಾರೂ ಹಾಕೂದಿಲ್ಲ."

"ಅದಕ್ಕ ತಂದೇನಿ."

ಧಾಮಿಬಾಯಿ ಟೇಬಲ್ ರೋಸಿನ ಡಬ್ಬಿಯತ್ತ ಕೈ ಮಾಡಿದಳು. "ಇದು ಬಿಸಲಾಗ ಅರಳತೈತಿ. ಅದು ಅರಳೂ ಹೊತ್ತಿಗಿ ನೀ ಒಳಗ ಇರತೀ."

"ಮಂಚದ ಮ್ಯಾಲೆ ಮಲಗಿದ್ರ ಕಾಣತೈತಿ. ನಾ ಹೊರಗ ಬಂದಾಗ ಸಂಜಿಮಲ್ಲಿಗಿ ಅರಳತೈತಿ. ಸಾಕಲ್ಲ."

ಮಾರ್ಚ್ ಚೆನ್ನಾಗಿಯೇ ಕಳೆಯಿತು. ಬೆಳಿಗ್ಗೆ ಹತ್ತರ ಹೊತ್ತಿಗೆ ಗುಲಾಬಿ, ಹಳದಿ ಬಣ್ಣದ ಹೂಗಳು ಡಬ್ಬಿ ತುಂಬ ಬಿಚ್ಚಿಕೊಳ್ಳುವುದನ್ನು ಅವಳು ಮಲಗಿದಲ್ಲಿಂದಲೇ ನೋಡುತ್ತಿದ್ದಳು. ನೆನಪಾದ ದಿನ ಒಂದು ತಂಬಿಗೆ ನೀರು ಹಾಕುತ್ತಿದ್ದಳು. ಮರೆತರೂ ಅವು ಏನೂ ಅನ್ನುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ರೋಗ ಕೆರಳಿತು. ಜ್ವರ, ಎದೆ ನೋವು, ಕೈಕಾಲು ಕದಲಿಸಲಾಗದಂಥ ಬಾವು. ಕೆಲವು ದಿನ ಆಸ್ಪತ್ರೆ, ಆಮೇಲೆ ಮನೆಯಲ್ಲಿ ಹಾಸಿಗೆ. ರೂಪಲಪ್ಪ ಟೈಲ್ಸ್ ಕೂಡಿಸುವ ಕೆಲಸದವನು. ಅದೇ ವೇಳೆಗೆ ಮೇಸ್ತ್ರಿ ಕುಬೇರ ಡಿಚೋಲಿಯಲ್ಲಿ ಒಂದು ದೊಡ್ಡ ಕಟ್ಟಡದ ಕೆಲಸ ಹಿಡಿದಿದ್ದ. ಅಲ್ಲೇ ಇದ್ದು ಕೆಲಸ ಮಾಡಬೇಕು, ಬಾ ಎಂದು ಕರೆದ. ರೂಪಲಪ್ಪ ಆಗುವುದಿಲ್ಲ ಎಂದು ಹೇಳಿ ಹೆಂಡತಿಯ ಹತ್ತಿರ ಕೂತ.

ಕೂತವನು ಅವಳಿಗೆ ಚಹಾದ ಕಪ್ಪನ್ನೂ ಎತ್ತಗೊಡಲಿಲ್ಲ. ಗಂಜಿ ಕುಡಿಸಿದ, ಕಾಲೊತ್ತಿದ, ಮಗ್ಗುಲು ಬದಲಿಸಿದರೆ ಎದ್ದು ಬಂದು ನಿಂತ. ಅವಳು ಕಣ್ಣು ಬಿಟ್ಟಾಗಲೆಲ್ಲ ಅವನ ಮುಖವೇ ಕಾಣುತ್ತಿತ್ತು. ಜ್ವರ ಇಳಿದ ಮೇಲೂ ಹಾಗೇ. ಅವಳಿಗೆ ಉಸಿರು ಕಟ್ಟಿದಂತಾಗುತ್ತಿತ್ತು, ಆದರೆ ಅಷ್ಟು ಮಾಡುವವನಿಗೆ ಏನೆಂದು ಹೇಳುವುದು? ಹೊರಗೆ ಬಕೆಟ್ಟಿನ ಸದ್ದು ಕೇಳಿದಾಗ ಮಾತ್ರ ಸ್ವಲ್ಪ ಹೊತ್ತು ಒಬ್ಬಳೇ ಇರಲು ಸಿಗುತ್ತಿತ್ತು.

ಮೇ ಮೊದಲಿಗೆ, ಒಂದು ಸಂಜೆ, ಗೋಡೆ ಹಿಡಿದುಕೊಂಡು ತಾನೇ ಬಾಗಿಲಿಗೆ ಬಂದಳು. ಸಂಜೆಮಲ್ಲಿಗೆ ಸೊಂಟದುದ್ದ ಬೆಳೆದು ಪೊದೆಯಾಗಿತ್ತು. ಡಬ್ಬಿಗಳ ಕಥೆ ಬೇರೆ. ಸದಾಪುಷ್ಪದ ಎಲೆಗಳು ಹಳದಿಯಾಗಿ ಉದುರಿದ್ದವು, ಕಾಂಡ ಬುಡದಲ್ಲಿ ಕಪ್ಪಾಗಿತ್ತು. ಟೇಬಲ್ ರೋಸ್ ಮುಟ್ಟಿದರೆ ಲೋಳೆಯಂತೆ ಕೈಗೆ ಬಂತು. ಮಣ್ಣು ನಾರುತ್ತಿತ್ತು.

"ಎಷ್ಟು ನೀರ ಹಾಕಿದ್ರಿ?"

"ಮುಂಜಾನಿ ಒಂದು ಬಕೀಟ, ಸಂಜಿಕ ಒಂದು ಬಕೀಟ," ಅಂದ ರೂಪಲಪ್ಪ. "ಎಲಿ ಹಳದಿ ಆಗಾಕತ್ತಿದ್ವು. ನೀರ ಸಾಲವಲ್ದು ಅಂತ ಇನ್ನಷ್ಟು ಹಾಕಿದ್ನಿ."

"ಇವಕ್ಕ ಅಷ್ಟು ಬೇಕಾಗಿಲ್ರಿ. ಬೇರ ಕೊಳತಾವು."

ಅವನು ಡಬ್ಬಿಯೊಳಗೆ ಬೆರಳಿಟ್ಟು ನೋಡಿ, ಹೊಸ್ತಿಲ ಮೇಲೆ ಕೂತುಬಿಟ್ಟ.

"ಮತ್ತ ನಾ ಏನ ಮಾಡ್ಲಿ?" ಎಂದು ಕೇಳಿದ. "ಡಾಕ್ಟರ್ ಗುಳಿಗಿ ಕೊಡ್ತಾರ, ನೀ ಮಲಗತಿ. ನನಗ ಮಾಡಾಕ ಏನೂ ಇಲ್ಲ. ಇವಾದ್ರೂ ಉಳಿಲಿ ಅಂತ ಹಾಕಿದ್ನಿ. ಭಾಳ ಹೆದರಿದ್ನಿ ನಾ."

ಬಾಯಿಗೆ ಬಂದಿದ್ದ ಸಿಟ್ಟನ್ನು ಮೀರಾಬಾಯಿ ನುಂಗಿಕೊಂಡಳು. ಮದುವೆಯಾದಂದಿನಿಂದ ಈ ಮನುಷ್ಯ ಹೆದರಿದ್ದೇನೆಂದು ಬಾಯಿಬಿಟ್ಟು ಹೇಳಿದ್ದನ್ನು ಅವಳು ಕೇಳಿರಲಿಲ್ಲ.

"ನಿಮ್ಮ ಡ್ರಿಲ್ ಎಲ್ಲೈತಿ?" ಎಂದು ಕೇಳಿದಳು.

ಮರುದಿನ ಹೊತ್ತು ಮುಳುಗಿದ ಮೇಲೆ ಅವನು ಕೊಳೆತ ಮಣ್ಣನ್ನು ಸುರಿದು, ಡಬ್ಬಿಗಳ ತಳಕ್ಕೆ ಡ್ರಿಲ್ ಹಾಕಿ ತೂತು ಕೊರೆದ. ದಪ್ಪ ಮರಳು, ಇಟ್ಟಿಗೆ ಚೂರು ತಂದು ಮಣ್ಣಿಗೆ ಬೆರೆಸಿದ. ಅಳತೆ ಹಿಡಿದು ಮಾಡುವ ಕೆಲಸ ಸಿಕ್ಕ ಕೂಡಲೇ ಅವನ ಮುಖ ತಿಳಿಯಾಯಿತು. ಅವಳು ಸ್ಟೂಲಿನ ಮೇಲೆ ಕೂತು, ಕೊಳೆಯದೆ ಉಳಿದ ತುದಿಗಳನ್ನು ಹುಡುಕಿ ಚಿವುಟಿ ಕೊಟ್ಟಳು; ಅಷ್ಟಕ್ಕೆ ಅವಳ ಬೆರಳುಗಳು ಸಾಕಾಗಿದ್ದವು. ಸದಾಪುಷ್ಪದಲ್ಲಿ ಎರಡು ಗಿಡ ಮಾತ್ರ ಬದುಕುವಂತಿದ್ದವು. ಟೇಬಲ್ ರೋಸಿನ ತುದಿಗಳಲ್ಲಿ ಅರ್ಧದಷ್ಟು ಆ ವಾರದಲ್ಲೇ ಬೇರು ಹಿಡಿದವು. ಉಳಿದವು ಹೋದವು.

ಅದಾದ ಮೇಲೆ ಒಂದು ಸಂಜೆ ಅವಳೇ ಮಾತು ತೆಗೆದಳು.

"ಕುಬೇರ ಮತ್ತ ಫೋನ್ ಮಾಡಿದ್ನೇನು?"

"ಮಾಡಿದ್ದ. ಆಗೂದಿಲ್ಲ ಅಂದೇನಿ."

"ಹೋಗ್ರಿ."

"ನೀ ಒಬ್ಬಾಕಿ ಹ್ಯಾಂಗ ಇರತೀ?"

"ಇರತೇನಿ. ಕೆಟ್ಟ ದಿನ ಬಂದ್ರ ಧಾಮಿ ಅಕ್ಕಗ ಫೋನ್ ಮಾಡತೇನಿ, ಬಾಯಿನೂ ಇಲ್ಲೇ ಇರ್ತಾಳ. ನೀವು ಐತವಾರಕ್ಕೊಮ್ಮಿ ಬರ್ರಿ. ಈ ರೋಗ ಇನ್ನ ಇರೂದರಿ. ದಿನಾ ಹಿಂಗ ನೀವು ನನ್ನ ಮಾರಿ ನೋಡಕೋತ ಕುಂತ್ರ, ನನಗ ಆರಾಮ ಇದ್ದ ದಿನಾನೂ ಆರಾಮ ಅನಸೂದಿಲ್ಲ."

ಆ ಮಾತು ರೂಪಲಪ್ಪನಿಗೆ ನಾಟಿತ್ತು. ಊಟದ ಹೊತ್ತಿನಲ್ಲೂ ತಲೆ ಎತ್ತಲಿಲ್ಲ. ಬೆಳಿಗ್ಗೆ ತಾನೇ ಕುಬೇರನಿಗೆ ಫೋನ್ ಹಚ್ಚಿದ.

ಹೊರಡುವ ಮುಂಚೆ ಕೋಣೆಯಲ್ಲಿದ್ದ ಕೊಡ, ಬಕೆಟ್ಟು, ಪಾತ್ರೆ, ಹಳೆಯ ಪ್ರೆಶರ್ ಕುಕ್ಕರ್, ಎಲ್ಲದರಲ್ಲೂ ನೀರು ತುಂಬಿಟ್ಟ. ನಡೆಯಲು ಜಾಗವಿಲ್ಲದಂತಾಯಿತು. ಅವಳು ತಡೆಯಲಿಲ್ಲ.

ಸೋಮವಾರ ಅವಳಿಗೆ ಎಚ್ಚರವಾದಾಗ ಕೋಣೆಯಲ್ಲಿ ಯಾರೂ ಇರಲಿಲ್ಲ. ಗೆಣ್ಣುಗಳು ನೋಯುತ್ತಿದ್ದವು, ತೀರ ಹೆಚ್ಚಲ್ಲ. ಚಹಾ ಮಾಡಿಕೊಂಡು ಕುಡಿದಳು, ಮಾತ್ರೆ ನುಂಗಿದಳು, ಮತ್ತೆ ಮಲಗಿದಳು. ಮಧ್ಯಾಹ್ನ, ಅಷ್ಟೊಂದು ನೀರಿದೆಯಲ್ಲ ಎಂದು, ತಿಂಗಳ ಮೇಲೆ ತಲೆ ತೊಳೆದುಕೊಂಡಳು. ಕೈ ಮೇಲೆತ್ತಲಾಗದ ಕಾರಣ ನಡುನಡುವೆ ಕೂತು, ದಣಿವಾರಿಸಿಕೊಂಡು, ಒಂದೊಂದೇ ತಂಬಿಗೆ ಹಾಕಿಕೊಂಡಳು.

ಬಿಸಿಲು ಕಾಂಪೌಂಡು ದಾಟಿದ ಮೇಲೆ ಸ್ಟೂಲು ತಂದು ಹೊರಗೆ ಕೂತಳು. ಸಂಜೆಮಲ್ಲಿಗೆ ಒಂದೊಂದಾಗಿ ಬಿಚ್ಚುತ್ತಿತ್ತು. ಒಂದೇ ಗಿಡದಲ್ಲಿ ಹಳದಿ ಹೂ, ಗುಲಾಬಿ ಹೂ. ಬಿಸಿಲಿಲ್ಲದೆ ಕೂದಲು ಒಣಗಲು ಬಹಳ ಹೊತ್ತು ಹಿಡಿಯಿತು. ಧಾಮಿಬಾಯಿ ಚೀಲ ಹೊತ್ತು ಬರುವಾಗಲೂ ಹಸಿಯಾಗಿಯೇ ಇತ್ತು. ಅವಳು ಚೀಲ ಕೆಳಗಿಟ್ಟು, ಬಾಚಣಿಗೆ ತೆಗೆದುಕೊಂಡು ಬಂದು ಮೀರಾಬಾಯಿಯ ಹಿಂದೆ ಕೂತಳು.