ಕೆಂಪು ಹಲಗೆ

“ಇದನ್ನ ಮನೆ ಅಂತಾರೇನಮ್ಮ? ನನ್ನ ನಾಯಿಗೂ ಇದಕ್ಕಿಂತ ಒಳ್ಳೆ ಗೂಡಿದೆ,” ಎನ್ನುತ್ತ ಕೌಂಟಿಯ ಇನ್ಸ್‌ಪೆಕ್ಟರ್ ಕವಾಸೋಸ್ ಹೊವಿಟಾಳ ಅಡುಗೆಮನೆ ಬಾಗಿಲಿಗೆ ಕೊನೆಯ ಮೊಳೆ ಹೊಡೆದ. ಕೆಂಪು ಹಲಗೆಯಲ್ಲಿ ಬರೆದದ್ದು ಇಷ್ಟೇ: ಇದು ವಾಸದ ಜಮೀನಲ್ಲ, ತಿಂಗಳೊಳಗೆ ಖಾಲಿ ಮಾಡತಕ್ಕದ್ದು. “ಕಿತ್ತರೆ ಜೈಲು, ನೆನಪಿರ್ಲಿ.”

“ನನ್ ಮಗ್ಳು ಹುಟ್ಟಿದ್ದೇ ಇಲ್ಲಿ ಕಣಪ್ಪ. ಅವ್ಳೇನು ಈರುಳ್ಳಿ ಜೊತೆ ಮೊಳೆತ್ಳಾ?”

“ಕಾಗದದ ಪ್ರಕಾರ ಇಲ್ಲಿ ಯಾರೂ ವಾಸ ಇಲ್ಲ. ಬರೀ ಹೊಲ.”

ಟೆಕ್ಸಾಸಿನ ಗಡಿಯಂಚಿನಲ್ಲಿ, ಈರುಳ್ಳಿ ಕೀಳುವವರ ಆ ಕೇರಿಗೆ ಕೌಂಟಿಯವರ, ಅಂದರೆ ಜಿಲ್ಲಾಡಳಿತದವರ, ಅಧಿಕಾರ ಹೊಸದು. ಮೆಕ್ಲಿನ್ ಸಾಹೇಬ ನದಿ ಪಕ್ಕದ ಜೌಗನ್ನು ಸೈಟು ಮಾಡಿ ಇವರಿಗೆ ಮಾರಿದಾಗ, ಹಳ್ಳಿಗಾಡಿನಲ್ಲಿ ಎಲ್ಲಿ ಮನೆ ಕಟ್ಟಬೇಕು, ಎಲ್ಲಿ ಕಟ್ಟಬಾರದು ಅನ್ನುವ ಅಧಿಕಾರ ನಮಗಿಲ್ಲ ಎಂದು ಕೌಂಟಿಯವರು ಕೈತೊಳೆದುಕೊಂಡಿದ್ದರು. ನೀರು ಕೇಳಿದರೆ ಅಧಿಕಾರವಿಲ್ಲ. ಚರಂಡಿ ಕೇಳಿದರೆ ಅಧಿಕಾರವಿಲ್ಲ. ರಸ್ತೆಗೂ ಇಲ್ಲ, ಮಳೆ ಬಂದರೆ ಶಾಲೆಯ ಬಸ್ಸು ಒಳಗೆ ಬರುವುದಿಲ್ಲ, ಮಕ್ಕಳು ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹೆದ್ದಾರಿಯವರೆಗೆ ಕೆಸರು ತುಳಿಯಬೇಕು. ಈಗ ಅಧಿಕಾರ ಬಂದಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಕೌಂಟಿಯವರು ಇನ್ನೂ ಜಾಣರು, ಒಳಗಿದ್ದವರನ್ನು ಹೊರಗೆ ನೂಕಿ ಬಾಗಿಲು ಹಾಕಿದರು. ಮೆಕ್ಲಿನ್‌ನ ಬಂಗಲೆಗೆ ಮೊಳೆ ಹೊಡೆಯುವ ಅಧಿಕಾರ ಮಾತ್ರ ಇನ್ನೂ ಬಂದಿಲ್ಲವಂತೆ.

ಸುಗ್ಗಿಗೊಂದು ಗೋಡೆಯಂತೆ ಹೊವಿಟಾ ಎಬ್ಬಿಸಿದ ಮನೆ ಅದು. ಈ ಬೇವರ್ಸಿಯ ಮುಂದೆ ಅಳಬಾರದೆಂದು ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. ಕವಾಸೋಸನ ಅಜ್ಜನೂ ಇವಳ ಅಪ್ಪನ ಪಕ್ಕದ ಸಾಲಿನಲ್ಲೇ ಈರುಳ್ಳಿ ಕಿತ್ತವನು.

ಮಳೆ ಆಗಷ್ಟೇ ನಿಂತಿತ್ತು. ಕವಾಸೋಸ್ ಜೀಪು ತಿರುಗಿಸುವಾಗ ಹಿಂದಿನ ಚಕ್ರ ಅಚ್ಚಿನವರೆಗೆ ಹೂತುಕೊಂಡಿತು.

“ಯಾರಾದ್ರೂ ಬಂದು ಸ್ವಲ್ಪ ತಳ್ಳಿ!”

ಪಕ್ಕದ ಮನೆಯ ಲಿಚಾ ಬೇಲಿಯಾಚೆಯಿಂದ ಕೂಗಿದಳು: “ಇಲ್ಲಿ ಯಾರೂ ವಾಸ ಇಲ್ವಲ್ಲ ಸ್ವಾಮಿ! ಹೊಲ ಎಲ್ಲಾದ್ರೂ ಬಂದು ಗಾಡಿ ತಳ್ತದಾ?”

ಕೇರಿಯೆಲ್ಲ ನಕ್ಕಿತು. ಯಾರೂ ಕದಲಲಿಲ್ಲ. ಅವನು ಇಳಿದ, ಮಿರುಗುವ ಬೂಟು ಕೆಸರಲ್ಲಿ ಮುಳುಗಿತು.

“ಥೂ, ಏನು ನಾತ ಇದು!”

“ನಮ್ ಕಕ್ಕಸ್ ಗುಂಡಿ ತುಂಬಿ ಹರೀತಾ ಐತೆ,” ಎಂದಳು ಹೊವಿಟಾ. “ಚರಂಡಿಗೆ ನಿಮ್ಗೆ ಅಧಿಕಾರ ಇರ್ನಿಲ್ವಲ್ಲಪ್ಪ.”

“ಚಕ್ರದಡಿ ಹಾಕೋಕೆ ಒಂದು ಹಲಗೆ ಆದ್ರೂ ಕೊಡಮ್ಮ.”

“ಇದ್ದ ಹಲ್ಗೆನೆಲ್ಲ ಸೂರಿಗೆ ಹೊಡ್ದಿವ್ನಿ. ಕೆಲ್ಸ ಇಲ್ದೆ ನಿಂತಿರೋದು ನಿಂದೊಂದೇ. ನಾ ಕಿತ್ರೆ ಜೈಲು. ನೀನೇ ಕಿತ್ಕೋ.”

ಅವನು ಫೋನು ನೋಡಿದ. ಆ ಕೇರಿಯಲ್ಲಿ ಸಿಗ್ನಲ್ಲಿಗೂ ಅಧಿಕಾರವಿರಲಿಲ್ಲ. ಕೊನೆಗೆ ತಾನು ಹೊಡೆದ ಮೊಳೆಗಳನ್ನು ತಾನೇ ಮೀಟಿ, ಹಲಗೆ ಕಿತ್ತು, ಮಂಡಿಯೂರಿ ಚಕ್ರದಡಿ ತುರುಕಿದ. ಜೀಪು ಅದರ ಮೇಲೆ ಹತ್ತಿ ಗಟ್ಟಿ ನೆಲಕ್ಕೆ ಹಾರಿತು.

“ನಾಳೆ ಇನ್ನೊಂದು ತರ್ತೀನಿ!” ಎಂದು ಕಿಟಕಿಯಿಂದ ಕಿರುಚಿದ.

ಕಾಲಿಗೆ ಚೀಲ ಕಟ್ಟಿಕೊಂಡ ಹೊವಿಟಾಳ ಮಗಳು ಆಗಲೇ ಆ ಹಲಗೆಯ ಮೇಲೆ ನಿಂತಿದ್ದಳು.

“ತಾ ಮಗ್ನೆ, ದಿನಾ ಒಂದೊಂದು ತಾ!” ಹೊವಿಟಾ ಗಂಟಲು ಹರಿಯುವಂತೆ ಕೂಗಿದಳು. “ಹೆದ್ದಾರಿಗಂಟ ಬೇಕು!”