ಗೇಣಿನ ಮೇಲೆರಡು ಬೆರಳು

ಅಪ್ಪನನ್ನು ಅಂಗಳದಲ್ಲಿ ಮಲಗಿಸಿ ನೆಂಟರೆಲ್ಲ ಕಾಯುತ್ತಿದ್ದರೆ, ಮಗಳು ಮನೆಯ ಹಿಂದಿನ ಸಜ್ಜೆ ಹೊಲದಲ್ಲಿ ನಿಂತು ದಂಟೊಂದರ ನೆತ್ತಿ ಹಿಸುಕಿ ನೋಡುತ್ತಿದ್ದಳು. ಎಲೆಯ ಸುರುಳಿಯೊಳಗೆ ತೆನೆ ಬೆರಳಿಗೆ ಸಿಕ್ಕಿತು. ನಾಳೆ ನಾಡಿದ್ದರಲ್ಲಿ ಹೊರಗೆ ಇಣುಕುತ್ತದೆ. ಆಮೇಲೆ ದಂಟು ಬಲಿಯುತ್ತಾ ಹೋಗುತ್ತದೆ, ಮೇವಿನ ಕತೆ ಮುಗಿದಂತೆಯೇ. ಇಬ್ಬರು ಕೂಡಿ ಎರಡು ದಿನ ಮಾಡುತ್ತಿದ್ದ ಕೊಯ್ಲು. ಈಗ ಅವಳೊಬ್ಬಳೇ.

"ಅಲ್ಲೇನು ಮಾಡ್ತಿದೀಯೇ?" ಚಿಕ್ಕಪ್ಪ ಬೇಲಿಯಾಚೆಯಿಂದ ಕೂಗಿದ.

"ಇವತ್ತೇ ಶುರು ಮಾಡ್ಬೇಕು ಚಿಕ್ಕಪ್ಪ. ಅಪ್ಪನೂ ಮೊನ್ನೆ ಅದನ್ನೇ ಹೇಳಿದ್ದು."

"ತಲೆ ನೆಟ್ಟಗಿದೆಯಾ ನಿಂಗೆ? ಹೆತ್ತಪ್ಪನ್ನ ಮಣ್ಣು ಮಾಡೋ ದಿನ ಕುಡುಗೋಲು ಹಿಡಿದ್ರೆ ಜನ ಉಗಿಯಲ್ವಾ?"

"ಉಗೀಲಿ. ಜನದ ಮಾತು ಮೇಯ್ದು ಹಸು ಹಾಲು ಕೊಡತ್ತಾ?"

ಚಿಕ್ಕಪ್ಪ ಬೇಲಿಯಾಚೆಯಿಂದಲೇ ಅವಳನ್ನು ದಿಟ್ಟಿಸಿದ. ಥೇಟ್ ಅತ್ತಿಗೆಯ ಮಾತು! ಅವಳು ಹೋಗಿ ಹತ್ತು ವರ್ಷವಾದರೂ ನಾಲಿಗೆ ಮಾತ್ರ ಮಗಳ ಬಾಯಲ್ಲಿ ಗಟ್ಟಿಯಾಗಿ ಕೂತಿದೆ.

*

ಅಮ್ಮ ಇದ್ದ ಕಾಲದಲ್ಲಿ ಒಂದು ವರ್ಷ ಬೀಜದಂಗಡಿಯವನು ಸಜ್ಜೆ ಬೀಜದ ಎರಡು ಚೀಲ ಅಪ್ಪನ ಮುಂದಿಟ್ಟಿದ್ದ. ಒಂದು ಗಿಡ್ಡ ತಳಿ, ಮೈತುಂಬ ಎಲೆ. ಇನ್ನೊಂದು ಎರಡಾಳೆತ್ತರ ಬೆಳೆಯುವಂಥದ್ದು. ಅಪ್ಪ ಸ್ವತಃ ಗಿಡ್ಡ. ಯಾವುದನ್ನು ಹೊತ್ತು ತಂದನೆಂದು ಬೇರೆ ಹೇಳಬೇಕೆ!

ಸಜ್ಜೆ ಮನೆಯ ಸೂರು ದಾಟಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು, ಅಪ್ಪ ಉಬ್ಬಿಹೋದ. "ಇನ್ನೊಂದು ವಾರ ಇರ್ಲಿ" ಅಂದ. ಆಮೇಲೆ ಮತ್ತೊಂದು ವಾರ. ತೆನೆ ಬಂತು, ದಂಟು ಬೆತ್ತವಾಯಿತು. ಹಸುಗಳು ಎಲೆ ಸವರಿಕೊಂಡು ದಂಟು ತುಳಿದು ನಿಂತವು. ಹಾಲು ಅರ್ಧಕ್ಕಿಳಿಯಿತು.

"ನಿಮ್ಮ ಹೊಲದ ಎತ್ತರ ನೋಡ್ಕೊಂಡು ಹಸು ಹಾಲು ಕೊಡತ್ತಾ?" ಅಂದಳು ಅಮ್ಮ.

ಅಪ್ಪನಿಗೆ ರೋಷ ಬಂದು ಇಡೀ ಹೊಲವನ್ನು ನೆಲ ಹೆರೆದ ಹಾಗೆ ಕೊಯ್ದುಹಾಕಿದ. ಎರಡನೇ ಚಿಗುರೂ ಕೈಕೊಟ್ಟಿತು. ಕೆಟ್ಟ ಮೇಲೆ ಬುದ್ಧಿ ಬಂತು, ಬಂದದ್ದು ಹೋಗಲಿಲ್ಲ. ಅಲ್ಲಿಂದಾಚೆ ಗಿಡ್ಡ ತಳಿಯೇ, ತೆನೆ ಇಣುಕುವ ಮುಂಚೆಯೇ ಕೊಯ್ಲು, ಅದೂ ನೆಲದಿಂದ ಒಂದು ಗೇಣು ಬಿಟ್ಟು. ಸಾಲುಸಾಲಿಗೂ ಹೆಬ್ಬೆರಳು ನೆಲಕ್ಕೂರಿ ಅಳೆಯುತ್ತಿದ್ದವನಿಗೆ ಊರು 'ಗೇಣಪ್ಪ' ಅಂತ ಹೆಸರಿಟ್ಟಿತು.

ಮಗಳ ಕೈ ಅವನದಕ್ಕಿಂತಲೂ ಸಣ್ಣದು. "ನಿಂದು ಗೇಣಲ್ಲ ಕಣೇ, ಚೋಟು. ಮೇಲೆರಡು ಬೆರಳು ಸೇರಿಸ್ಕೋ" ಅನ್ನುತ್ತಿದ್ದ. ಅವಳಿಗೆ ನಲವತ್ತು ದಾಟಿದ ಮೇಲೂ ಪ್ರತಿ ಕೊಯ್ಲಿಗೂ ಅದನ್ನೇ ಹೇಳಿ, ತಾನೇ ನಗುತ್ತಿದ್ದ.

*

ಮಣ್ಣು ಮಾಡಿ ಬರುವಾಗ ಬಿಸಿಲು ಇಳಿದಿತ್ತು. ಅವಳು ಯಾರನ್ನೂ ಕರೆಯಲಿಲ್ಲ. ಕೊಟ್ಟಿಗೆಯ ಮೊಳೆಯಲ್ಲಿ ತೂಗುತ್ತಿದ್ದ ಎರಡು ಕುಡುಗೋಲುಗಳಲ್ಲಿ ತನ್ನದನ್ನು ತೆಗೆದುಕೊಂಡು ಹೊಲಕ್ಕಿಳಿದಳು. ಅರ್ಧ ಸಾಲು ಮುಗಿಯುವಷ್ಟರಲ್ಲಿ ಕಣ್ಣು ತುಂಬಿ ದಂಟೇ ಕಾಣದಾಯಿತು. ಪಕ್ಕದ ಸಾಲಿನಲ್ಲಿ ಅಪ್ಪ ಬೇಕಿತ್ತು, ತಪ್ಪು ಹುಡುಕುತ್ತ, ಗೇಲಿ ಮಾಡುತ್ತ.

ಪಕ್ಕದ ಸಾಲಿನಲ್ಲಿ ಸರಕ್ಕನೆ ಸದ್ದಾಯಿತು.

ಚಿಕ್ಕಪ್ಪ. ಕೈಯಲ್ಲಿ ಅಪ್ಪನ ಕುಡುಗೋಲು. "ನೀನು ಮಾಡಿದ್ದು ಸರಿ ಅಂತಲ್ಲ ಮತ್ತೆ" ಎಂದು ಗೊಣಗಿದ. "ಹಸು ಕೂಗ್ತಿದ್ರೆ ಕೂತ್ಕೊಳ್ಳೋಕಾಗಲ್ಲ, ಅಷ್ಟೇ."

ಅವನ ಹಿಂದೆ ಮುದುಕನಾಗಿದ್ದ ಬೀಜದಂಗಡಿಯವನೂ ಅಂಗಿಯ ತೋಳು ಮಡಚುತ್ತ ಬಂದ. "ಆ ಎತ್ತರದ ಬೀಜ ಕೊಟ್ಟ ಪಾಪಿ ನಾನೇ ಅಲ್ವೇನಮ್ಮಾ. ಕೊಯ್ದದ್ದನ್ನ ಹೊರೆ ಕಟ್ಟಿಯಾದರೂ ಕೊಡ್ತೀನಿ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಅಷ್ಟರಲ್ಲಿ ಚಿಕ್ಕಪ್ಪ ಕುಡುಗೋಲನ್ನು ಬುಡಕ್ಕೇ ಹಾಕುವುದು ಕಂಡಿತು.

"ಅಯ್ಯೋ, ಅಷ್ಟು ಕೆಳಗೆ ಬೇಡ! ಮತ್ತೆ ಚಿಗುರಬೇಕಲ್ಲ. ಒಂದು ಗೇಣು ಬಿಡು ಚಿಕ್ಕಪ್ಪ."

ಅವನು ಕುಕ್ಕರುಗಾಲಲ್ಲಿ ಕೂತು, ಹೆಬ್ಬೆರಳು ನೆಲಕ್ಕೂರಿ, ದಂಟಿನ ಉದ್ದಕ್ಕೆ ಕೈ ಬಿಡಿಸಿದ. ಅಪ್ಪನದೇ ಕೈ. ಅದೇ ಅಗಲ, ಅದೇ ಸೊಟ್ಟ ಕಿರುಬೆರಳು. ಅವಳು ಪಕ್ಕದಲ್ಲಿ ಕೂತು ತನ್ನ ಗೇಣಿಟ್ಟಳು, ಅದರ ಮೇಲೆರಡು ಬೆರಳು ಸೇರಿಸಿದಳು.

ಸರಿಸಮ ಬಂತು.