ಸಿಂಪಲ್ ಮದುವೆ

ಮದುವೆ ಸಿಂಪಲ್ಲಾಗಿರಬೇಕು ಎಂದು ವರ್ಷಿಣಿ ಹೇಳಿದಾಗ ಯಾರೂ ತಕರಾರು ತೆಗೆಯಲಿಲ್ಲ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಅವಳಪ್ಪ ರೇಣುಕಪ್ರಸಾದ್, "ಸಿಂಪಲ್ಲೇ ಚೆಂದ ಕಣವ್ವ" ಎಂದರು. ನೊಣವಿನಕೆರೆಯ ಹುಡುಗ ಬಸವಕುಮಾರ್, "ನಂಗೂ ಅದೇ ಇಷ್ಟ" ಎಂದ. ಅವನ ಅಜ್ಜಿ ಕಲ್ಲಮ್ಮ, "ಆಡಂಬರ ಯಾರಿಗ್ ಬೇಕು ಬುಡು" ಎಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಎಲ್ಲರೂ ಅಷ್ಟು ಸಲೀಸಾಗಿ ಒಪ್ಪಿದಾಗಲೇ ವರ್ಷಿಣಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಸಿಂಪಲ್ ಎಂದರೆ ಅವಳಿಗೆ ನೋಂದಣಿ ಕಚೇರಿ, ಎರಡು ಹಾರ, ಮೂವರು ಸಾಕ್ಷಿಗಳು, ಆಮೇಲೆ ಎಲ್ಲರಿಗೂ ಒಂದೊಂದು ಮಸಾಲೆ ದೋಸೆ.

ಸೋಮವಾರ ಬೆಳಿಗ್ಗೆ ಹತ್ತಿ ಸೀರೆಯುಟ್ಟು, ಅಪ್ಪನ ಸ್ಕೂಟರಿನ ಹಿಂದೆ ಕೂತು ಕಚೇರಿಗೆ ಬಂದಳು. ಬಸವಕುಮಾರ್ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ. ಅವನ ಹಿಂದೆ ಎರಡು ಬಸ್ಸು!

"ಇದೇನ್ರೀ?"

"ಅಜ್ಜಿ ಹತ್ತಿರದೋರ್‌ನ ಮಾತ್ರ ಕರೆದವ್ರೆ."

ಕಲ್ಲಮ್ಮ ಬಸ್ಸಿಳಿದು ಬಂದರು. "ನನ್ ಮಗನ ಮದ್ವೇಲಿ ಹನ್ನೊಂದು ಬಸ್ಸು ಕಣವ್ವ. ಇದು ಸಿಂಪಲ್ಲು!"

ವರ್ಷಿಣಿ ಅಪ್ಪನತ್ತ ತಿರುಗಿದಳು. ಅವರು ಎದುರಿನ ತೆಂಗಿನ ತೋಟದತ್ತ ನೋಡುತ್ತಿದ್ದರು. ಅಲ್ಲಿಂದ ಹೊಗೆ ಏಳುತ್ತಿತ್ತು, ಒಬ್ಬಟ್ಟಿನ ವಾಸನೆಯೂ ಬರುತ್ತಿತ್ತು.

"ಅಪ್ಪಾ!"

"ಒಂದೇ ಸಿಹಿ ಕಣವ್ವ. ಅಡುಗೆಯೋರು ಮೂರು ಮಾಡ್ತೀವಿ ಅಂದ್ರು, ನಾನೇ ಬ್ಯಾಡ ಅಂದೆ."

ಅಷ್ಟರಲ್ಲಿ ಬಸ್ಸಿನ ಹಿಂಬದಿಯಿಂದ ಓಲಗ ಶುರುವಾಯಿತು. "ಇದನ್ಯಾರು ಕರೆಸಿದ್ದು?" ಎಂದಳು. ಬಸವಕುಮಾರ್ ಮೆಲ್ಲಗೆ ಕೈಯೆತ್ತಿದ. "ಡಿಜೆ ಬ್ಯಾಡ ಅಂದ್ನಲ್ಲ... ಬರೀ ಓಲಗ."

ವರ್ಷಿಣಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಕಚೇರಿಯ ಮೆಟ್ಟಿಲ ಮೇಲೆ ಕೂತೇಬಿಟ್ಟಳು.

ಒಳಗೆ ಗುಮಾಸ್ತರು ಮೂವರು ಸಾಕ್ಷಿಗಳನ್ನು ಕರೆದರು. ನಲವತ್ತು ಜನ ನುಗ್ಗಿದರು. "ಸೋದರಮಾವ ನಾನು, ನನ್ ಬುಟ್ಟು ಹೆಂಗೆ?" ಎಂದೊಬ್ಬರು ಬಾಗಿಲಲ್ಲೇ ಮುನಿಸಿಕೊಂಡರು. ಅವರಿಗೊಂದು ಸಹಿ, ಹುಡುಗಿಯ ಅಪ್ಪನಿಗೊಂದು ಸಹಿ ಎಂದು ಹಂಚಿ, ಕಲ್ಲಮ್ಮ ತಾವೇ ಮೊದಲು ಹೆಬ್ಬೆಟ್ಟು ಒತ್ತಿದರು. ಒತ್ತಿದ ಖುಷಿಗೆ ಶಾಯಿ ಮೆತ್ತಿದ ಅದೇ ಕೈಯಲ್ಲಿ ಮೊಮ್ಮಗನ ಹೆಂಡತಿಯ ಕೆನ್ನೆ ಹಿಂಡಿದರು.

ಕೆನ್ನೆ ನೀಲಿಯಾದದ್ದು ವರ್ಷಿಣಿಗೆ ಗೊತ್ತಾಗಲೇ ಇಲ್ಲ. ತೋಟದಲ್ಲಿ ಎರಡು ಒಬ್ಬಟ್ಟು ತಿಂದು, ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಲ್ಲಮ್ಮನ ಕೈ ಹಿಡಿದು ಓಲಗಕ್ಕೆ ಕುಣಿಯತೊಡಗಿದಳು.